ಮೊಬೈಲ್ ಸಾಕ್ಷಿ ಎಲ್ಲಿವರೆಗೆ ಮಾತಾಡುತ್ತದೆ?

"ಸರ್, ಡಿಲೀಟ್ ಮಾಡಿದ ಮೆಸೇಜನ್ನೂ ಲ್ಯಾಬಿನವರು ತೆಗೀತಾರಂತೆ, ಹೌದಾ?" ಐಟಿ ಪೀರಿಯಡ್‌ನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವೊಮ್ಮೆ ತೆಗೆಯುತ್ತಾರೆ. ಆದರೆ ಅದರಿಂದ ಏನು ಹೇಳಬಹುದು, ಏನು ಹೇಳಲಾಗದು ಎಂಬುದನ್ನು ಕಲಿಸುವುದು ಹೆಚ್ಚು ಮುಖ್ಯ.

ಬೋರ್ಡಿನಲ್ಲಿ ಮೂರು ಅಂಕ ಬರೆಯಿರಿ: 27, 35, 41. ಮೊತ್ತ 103. ಯಾರಾದರೂ ಒಂದು ಅಂಕ ತಿದ್ದಿದರೆ ಮೊತ್ತ ಬದಲಾಗಿ ಸಿಕ್ಕಿಬೀಳುತ್ತಾರೆ. 27 ಮತ್ತು 35ನ್ನು ಅದಲುಬದಲು ಮಾಡಿದರೆ? ಮೊತ್ತ ಅದೇ! ಹಾಗಾದರೆ ಸ್ಥಾನದಿಂದ ಗುಣಿಸೋಣ: 27×1 + 35×2 + 41×3 = 220. ಅದಲುಬದಲಾದರೆ 212. ಈಗ ಮಕ್ಕಳಿಗೆ ಸವಾಲು ಹಾಕಿ: 220 ಬರುವ ಬೇರೆ ಪಟ್ಟಿ ಮಾಡಿ. 29, 34, 41 ಎಂದು ಯಾರಾದರೂ ಕಂಡುಹಿಡಿಯುತ್ತಾರೆ, ಬಿಡುವುದಿಲ್ಲ. ಇಂಥ ಮೋಸ ಸಾಧ್ಯವಾಗದಷ್ಟು ಜಟಿಲವಾದ ಲೆಕ್ಕವೇ ಹ್ಯಾಶ್. ಎಸ್‌ಎಚ್‌ಎ-256 ಕೊಡುವ ಉತ್ತರ 64 ಅಕ್ಷರಾಂಕಗಳಷ್ಟು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಉತ್ತರವೇ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಸಂಖ್ಯೆ ಬರೆಯಲು ಜಾಗವೇ ಇದೆ.

ಹ್ಯಾಶ್ ಹೊಂದಿದರೆ ಗೊತ್ತಾಗುವುದು ಇಷ್ಟೇ: ಲೆಕ್ಕ ಹಾಕಿದ ಹೊತ್ತಿನಿಂದ ಕಡತ ಬದಲಾಗಿಲ್ಲ. ಅದಕ್ಕಿಂತ ಮೊದಲು ತಿದ್ದಿದ್ದರೆ ಹ್ಯಾಶ್‌ಗೆ ಗೊತ್ತಿಲ್ಲ. ಬರೆದದ್ದು ನಿಜವೋ ಸುಳ್ಳೋ, ಅದೂ ಗೊತ್ತಿಲ್ಲ. ನಮ್ಮ ಮಕ್ಕಳ ಮನೆಗಳಲ್ಲಿ ಒಂದೇ ಫೋನನ್ನು ಅಣ್ಣ, ತಂಗಿ, ಅಮ್ಮ ಎಲ್ಲರೂ ಹಿಡಿಯುತ್ತಾರೆ ಅಲ್ವಾ? "ಈ ಫೋನಿನಿಂದ ಈ ಹೊತ್ತಿಗೆ ಮೆಸೇಜ್ ಹೋಗಿದೆ" ಎಂದು ತಜ್ಞರು ಹೇಳಬಹುದು. "ಈ ಹುಡುಗನೇ ಟೈಪ್ ಮಾಡಿದ" ಎಂದು ಫೋನೊಂದನ್ನೇ ನೋಡಿ ಹೇಳುವುದು ಅವರ ಗೆರೆ ದಾಟಿದಂತೆ. ಕೇಳಿದ್ದು ಒಂದು ವಾರದ ಮೆಸೇಜಾದರೆ ಮನೆಯ ಫೋಟೋಗಳೆಲ್ಲ ವರದಿಗೆ ಬರಬೇಕಾಗಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಗೆರೆ ನಮಗೂ ಉಂಟು. ಮಗುವಿನ ಫೋನಿನಲ್ಲಿ ಅಸಭ್ಯ ಚಿತ್ರ ಬಂದಿದೆ ಎಂದು ತಿಳಿದರೆ ತೆರೆದು ಹುಡುಕಬೇಡಿ, ಅಳಿಸಬೇಡಿ. "ಸಾಕ್ಷಿಗಿರಲಿ" ಎಂದು ಸ್ಟಾಫ್ ಗ್ರೂಪಿಗೆ ಕಳಿಸುವುದಂತೂ ಬೇಡವೇ ಬೇಡ; ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಕಂಡ ದಿನ, ಹೊತ್ತು, ಫೋನ್ ಯಾರ ಕೈಯಲ್ಲಿತ್ತು ಎಂಬುದನ್ನು ಕಾಗದದಲ್ಲಿ ಬರೆದಿಟ್ಟು, ತಡಮಾಡದೆ ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಿ.