ಸಂಕಮ್ಮನನ್ನು ಕುಣಿಸುವ ಮುನ್ನ

ಮಲೆ ಮಹದೇಶ್ವರ, ನಮ್ಮ ಮಾದಪ್ಪ, ಸುತ್ತೂರು ಮಠದಲ್ಲಿ ರಾಗಿ ಬೀಸಿದ ಕಥೆಯನ್ನು ಅವನ ಕಾವ್ಯ ಹಾಡುವ ಕಂಸಾಳೆಯವರ ಬಾಯಲ್ಲೇ ಕೇಳಿ ಬೆಳೆದ ಸೀಮೆ ನಮ್ಮದು. ಅದೇ ಕಾವ್ಯದ ಸಂಕಮ್ಮ, ಗಂಡ ಎಷ್ಟು ಹಿಂಸಿಸಿದರೂ ಅವನು ಕೇಳಿದ ಭಾಷೆ ಕೊಡದೆ ನಿಂತ ಗಟ್ಟಿಗಿತ್ತಿ. 2020ರಲ್ಲಿ ಬಂದ ರ‍್ಯಾಪರ್ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಹಾಡಿನ ವಿಡಿಯೊದಲ್ಲಿ ಅವಳು ಬರೀ ಮೈಮಾಟವಾದಳೆಂದು ಭಕ್ತರು ನೊಂದರು. ಚಂದನ್ ಕ್ಷಮೆ ಕೇಳಿದರು.

ಮಾದಪ್ಪನ ಜಾತ್ರೆಗೆ ಕ್ಯಾಮೆರಾ ಹಿಡಿದು ಬರುವ ತಮ್ಮಂದಿರೇ, ತಂಗಿಯರೇ, ರ‍್ಯಾಪ್ ಬೇಡ ಎನ್ನುತ್ತಿಲ್ಲ, ಖಂಡಿತ ಮಾಡಿ. ಹಳ್ಳಿಯವನೆಂದರೆ ಪೆದ್ದ, ಕಾಡಿನ ಸೋಲಿಗರೆಂದರೆ ಸೊಪ್ಪು ಉಟ್ಟವರು, ಹೆಣ್ಣೆಂದರೆ ಸೊಂಟ ಎನ್ನುವ ಹಳೇ ಅಚ್ಚನ್ನು ಮಾತ್ರ ಬಿಡಿ. ಶೂಟಿಂಗಿಗೆ ಮೊದಲು ಈ ಕಾವ್ಯ ಹಾಡುವ ದೇವರಗುಡ್ಡರೊಬ್ಬರ ಪಕ್ಕ ಕೂತು ಸಂಕಮ್ಮನ ಸಾಲನ್ನು, ಅಂದರೆ ಅವಳ ಕಥಾಭಾಗವನ್ನು, ಪೂರ್ತಿ ಕೇಳಿ. ಸಾಧ್ಯವಾದರೆ ಅವರಿಂದಲೇ ಹಾಡಿಸಿ. ಹೆಸರು ಹಾಕಿ, ಸಂಭಾವನೆ ಕೊಡಿ.