ಇಡತಕ್ಕ ಬೆಲೆಗಳೂ ಬರತಕ್ಕ ಬೆಲೆಗಳೂ

ಬೀಜಗಣಿತವೆಂದರೆ ಅಕ್ಷರಗಳನ್ನು ಆಚೆಯಿಂದ ಈಚೆಗೆ ಸಾಗಿಸುವ ಕಸರತ್ತೆಂದು ಭಾವಿಸುವವರು ಅನೇಕರುಂಟು. ಹೀಗೆ ಭಾವಿಸಿದ ಬಾಲಿಕೆಯು ಸೂತ್ರವನ್ನು ಕಂಠಪಾಠ ಮಾಡಿ, ಲೆಕ್ಕವನ್ನು ಕ್ರಮವಾಗಿ ನಡೆಸಿ, ಕಡೆಗೆ ಅಸಾಧ್ಯವಾದ ಉತ್ತರವೊಂದನ್ನು ಬರೆದು ಸುಮ್ಮನಾಗುವಳು. ಇದಕ್ಕೆ ಕಾರಣವು ಬುದ್ಧಿಯ ಕೊರತೆಯಲ್ಲ; ಲೆಕ್ಕಕ್ಕೆ ಮೊದಲು ಕೇಳತಕ್ಕ ಎರಡು ಪ್ರಶ್ನೆಗಳನ್ನು ಅವಳು ಕೇಳದಿರುವುದೇ ಆಗಿದೆ. ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡಲು ಅನುಕೂಲವಾಗುವಂತೆ ಆ ಪ್ರಶ್ನೆಗಳನ್ನು ಇಲ್ಲಿ ವಿವರಿಸುವೆವು.

ಒಂದು ರಾಶಿಯ ಬೆಲೆಯನ್ನು ಇಟ್ಟೊಡನೆ ಮತ್ತೊಂದು ರಾಶಿಗೆ ಒಂದೇ ಒಂದು ಬೆಲೆಯು ನಿಶ್ಚಯವಾಗಿ ದೊರೆಯುವುದಾದರೆ, ಆ ಸಂಬಂಧಕ್ಕೆ ಫಲನವೆಂದು ಹೆಸರು. ಉತ್ಪನ್ನವೆಂದೂ ಹೇಳುವುದುಂಟು. ಇಡಬಹುದಾದ ಬೆಲೆಗಳೆಲ್ಲವೂ ಸೇರಿ ಅದರ ಕ್ಷೇತ್ರ. ಹಾಗೆ ಇಟ್ಟಾಗ ಬರುವ ಬೆಲೆಗಳೆಲ್ಲವೂ ಸೇರಿ ಅದರ ವ್ಯಾಪ್ತಿ. ‘ಏನನ್ನು ಇಡಬಹುದು? ಏನು ಬರಬಹುದು?’ ಇವೇ ಆ ಎರಡು ಪ್ರಶ್ನೆಗಳು.

ಬೆಂಗಳೂರಿನ ಪೇಟೆಯೊಳಗೆ ಧಾನ್ಯದ ಸಗಟು ವ್ಯಾಪಾರಕ್ಕೆ ಹೆಸರಾದ ತರಗುಪೇಟೆಯನ್ನು ವಾಚಕರೆಲ್ಲರೂ ಬಲ್ಲರು. ಅಲ್ಲಿಯ ಮಂಡಿಯೊಂದರಿಂದ ಅಕ್ಕಿಯ ಮೂಟೆಗಳನ್ನು ಮನೆಗೆ ತರಿಸುವುದಾಗಿ ಇಟ್ಟುಕೊಳ್ಳೋಣ. ಗಾಡಿಯ ಬಾಡಿಗೆ 300 ರೂಪಾಯಿ. ಮೂಟೆಯೊಂದಕ್ಕೆ ಹಮಾಲಿ 20 ರೂಪಾಯಿ. ಗಾಡಿಯು 15 ಮೂಟೆಗಳಿಗಿಂತ ಹೆಚ್ಚು ಹೊರಲಾರದು. ಮೂಟೆಗಳ ಸಂಖ್ಯೆ ಕ್ಷ, ಒಟ್ಟು ಖರ್ಚು ಯ ಆದರೆ,

ಯ = 20ಕ್ಷ + 300.

ಬರಿಯ ಸೂತ್ರವನ್ನೇ ನೋಡಿದರೆ ಕ್ಷ ಎಂಬುದಕ್ಕೆ ಯಾವ ಸಂಖ್ಯೆಯನ್ನಾದರೂ ಇಡಬಹುದು. ಆದರೆ ಮಂಡಿಯವನು ಋಣ 3 ಮೂಟೆಗಳನ್ನು ಹೇರಿಸಲಾರನು. ಇಡೀ ಮೂಟೆಗಳನ್ನೇ ಮಾರುವ ಮಂಡಿಯಲ್ಲಿ ಎರಡೂವರೆಯೂ ಸಲ್ಲದು. ಆದುದರಿಂದ ಇಲ್ಲಿಯ ಕ್ಷೇತ್ರವು 1ರಿಂದ 15ರವರೆಗಿನ ಪೂರ್ಣಸಂಖ್ಯೆಗಳು ಮಾತ್ರ. ವ್ಯಾಪ್ತಿಯೋ, 320, 340, 360 ಎಂದು ಇಪ್ಪತ್ತಿಪ್ಪತ್ತಾಗಿ ಏರಿ 600ಕ್ಕೆ ನಿಲ್ಲುವ ಹದಿನೈದೇ ಸಂಖ್ಯೆಗಳು. ಗುಮಾಸ್ತನ ಚೀಟಿಯಲ್ಲಿ 470 ಎಂದು ಬರೆದಿದ್ದರೆ, ಮೂಟೆಗಳೆಷ್ಟೆಂದು ಕೇಳುವುದಕ್ಕೆ ಮೊದಲೇ ತಪ್ಪಿದೆಯೆಂದು ಹೇಳಬಹುದು. ವ್ಯಾಪ್ತಿಯನ್ನು ಬಲ್ಲ ಗೃಹಿಣಿಗೆ ಇದೊಂದು ಕಾವಲು.

ಇನ್ನು ಗಾಡಿಯ ಬಾಡಿಗೆಯನ್ನು ಮಾತ್ರ ಮೂಟೆಗಳ ಮೇಲೆ ಸಮನಾಗಿ ಹಂಚಿದರೆ, ಮೂಟೆಯೊಂದರ ಪಾಲು ಯ = 300/ಕ್ಷ ಆಗುವುದು. ಮಂಡಿಯ ಮಾತನ್ನು ಬಿಟ್ಟು ಸೂತ್ರವನ್ನೇ ನೋಡಿದರೂ ಇಲ್ಲಿ ಒಂದು ನಿಷೇಧವುಂಟು: ಕ್ಷ ಶೂನ್ಯವಾಗಕೂಡದು. ಶೂನ್ಯದಿಂದ ಭಾಗಿಸಿದರೆ 300 ಹಾಗೆಯೇ ಉಳಿಯುವುದೆಂದು ಯಾರಾದರೂ ಹೇಳಿದರೆ ತಾಳೆ ನೋಡತಕ್ಕದ್ದು: 300 × 0 ಎಂಬುದು 0 ಆಗುವುದೇ ಹೊರತು 300 ಆಗದು. ಯಾವ ಸಂಖ್ಯೆಯನ್ನು ಉತ್ತರವೆಂದು ಹೇಳಿದರೂ ತಾಳೆಯು ಹೀಗೆಯೇ ಕೆಡುವುದು. ಬರುವ ಬೆಲೆಯೂ ಎಂದಿಗೂ ಶೂನ್ಯವಾಗದು. 300 ರೂಪಾಯಿಯನ್ನು ಎಷ್ಟು ಪಾಲು ಮಾಡಿದರೂ ಪಾಲೊಂದು ಇದ್ದೇ ಇರುವುದಷ್ಟೆ.

ಈ ವಿಷಯದಲ್ಲಿ ಕನ್ನಡನಾಡಿಗೆ ಹಳೆಯ ಸಂಬಂಧವಿದೆ. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಸಿದ್ಧಗೊಳಿಸಲು, 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಆಚಾರ್ಯನು ಸ್ಪಷ್ಟವಾಗಿ ತಿಳಿಸಿದ್ದಾನೆ. ಕ್ಷೇತ್ರವೆಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ‘ಏನನ್ನು ಇಡಬಹುದು?’ ಎಂಬ ಪ್ರಶ್ನೆಗೆ ದೊರೆತ ಉತ್ತರವಿದು. ಅದೇ ಗ್ರಂಥದಲ್ಲಿ, ಶೂನ್ಯದಿಂದ ಭಾಗಿಸಿದ ಸಂಖ್ಯೆಯು ಬದಲಾಗದೆಂಬ ಮಾತೂ ಇದೆ. ಅದು ನಿಲ್ಲದೆಂಬುದನ್ನು ಮೇಲಿನ ತಾಳೆಯೇ ತೋರಿಸಿತು. ದೊಡ್ಡವರ ಮಾತನ್ನಾದರೂ ತಾಳೆ ನೋಡಿಯೇ ಒಪ್ಪತಕ್ಕದ್ದೆಂಬುದು ಗಣಿತವು ಕಲಿಸುವ ವಿನಯ.

ಆಚಾರ್ಯನ ಮೊದಲನೆಯ ಮಾತನ್ನು ಈಗ ಪ್ರಯೋಗಿಸೋಣ. ಯ = √(ಕ್ಷ − 4) ಎಂಬಲ್ಲಿ ಮೂಲಚಿಹ್ನೆಯ ಒಳಗಿರುವುದು ಋಣವಾಗಕೂಡದು. ಆದ್ದರಿಂದ ಕ್ಷ 4 ಆಗಿರಬೇಕು, ಇಲ್ಲವೇ ಅದಕ್ಕಿಂತ ಹೆಚ್ಚಾಗಿರಬೇಕು. ಈ ಚಿಹ್ನೆಯು ಋಣವಲ್ಲದ ಮೂಲವನ್ನೇ ಸೂಚಿಸುವುದರಿಂದ, ಬರುವ ಬೆಲೆಯು ಶೂನ್ಯ ಅಥವಾ ಧನಸಂಖ್ಯೆ. ಋಣಸಂಖ್ಯೆಗೂ ಮೂಲವನ್ನು ಕೊಡುವ ಕಾಲ್ಪನಿಕ ಸಂಖ್ಯೆಗಳ ವಿಚಾರವು ಮೇಲಿನ ತರಗತಿಗಳಲ್ಲಿ ಬರುವುದು. ಇಲ್ಲಿ ನಾವು ವಾಸ್ತವ ಸಂಖ್ಯೆಗಳನ್ನು ಮಾತ್ರ ತೆಗೆದುಕೊಂಡಿರುವೆವು.

ಮಕ್ಕಳು ಬಹಳವಾಗಿ ಎಡವುವ ಸ್ಥಳ ಒಂದುಂಟು. ಯ = (ಕ್ಷ² − 9)/(ಕ್ಷ − 3) ಎಂಬುದನ್ನು ಸಂಕ್ಷೇಪಿಸಿದರೆ ಕ್ಷ + 3 ದೊರೆಯುವುದು. ಛೇದವು ಕಣ್ಮರೆಯಾದುದನ್ನು ಕಂಡು, ಇನ್ನು ನಿಷೇಧವೇ ಇಲ್ಲವೆಂದು ಬಾಲಿಕೆಯು ತಿಳಿಯುವಳು. ಹಾಗಲ್ಲ, ಕ್ಷೇತ್ರವನ್ನು ಮೊದಲಿನ ರೂಪದಿಂದಲೇ ನಿರ್ಣಯಿಸತಕ್ಕದ್ದು. ಅಲ್ಲಿ 3ನ್ನು ಇಡುವಂತಿಲ್ಲವಾದ್ದರಿಂದ ವ್ಯಾಪ್ತಿಯಲ್ಲಿ 6 ಬರುವುದಿಲ್ಲ. ಛೇದವನ್ನು ಅಳಿಸಿದರೂ ಅದರ ಷರತ್ತು ಅಳಿಯದು.

ಕ್ಷೇತ್ರವನ್ನು ತಿಳಿಯಲು ಛೇದವನ್ನೂ ಮೂಲಚಿಹ್ನೆಯನ್ನೂ ನೋಡಿದರೆ ಸಾಕು. ವ್ಯಾಪ್ತಿಯನ್ನು ತಿಳಿಯುವ ಬಗೆಯೇನು? ಉತ್ತರದಿಂದ ಹಿಂದಕ್ಕೆ ಹೋಗುವುದೇ. ಯ = (2ಕ್ಷ + 1)/(ಕ್ಷ − 3) ಎಂಬುದನ್ನು ತೆಗೆದುಕೊಳ್ಳಿರಿ. ಇಲ್ಲಿ 3ನ್ನು ಇಡುವಂತಿಲ್ಲ. ಎರಡು ಕಡೆಗಳನ್ನೂ ಛೇದದಿಂದ ಗುಣಿಸಿ ಕ್ಷ ಇರುವ ಪದಗಳನ್ನು ಒಂದುಗೂಡಿಸಿದರೆ, ಕ್ಷ(ಯ − 2) = 3ಯ + 1 ಎಂದಾಗುವುದು; ಅಂದರೆ ಕ್ಷ = (3ಯ + 1)/(ಯ − 2). ಯ ಎಂಬುದು 2 ಆದರೆ ಮೇಲಿನ ಸಮೀಕರಣವು 0 = 7 ಎಂಬ ಅಸಂಗತಕ್ಕೆ ಇಳಿಯುವುದು. ಬೇರೆ ಯಾವ ಬೆಲೆಗಾದರೂ ತಕ್ಕ ಕ್ಷ ದೊರೆಯುವುದು. ಆದ್ದರಿಂದ 2ನ್ನುಳಿದ ಎಲ್ಲ ವಾಸ್ತವ ಸಂಖ್ಯೆಗಳೂ ಇದರ ವ್ಯಾಪ್ತಿ.

ಮಗಳು ಬೀಜಗಣಿತದ ಪುಸ್ತಕವನ್ನು ಹಿಡಿದು ಕಣ್ಣೀರಿಡುತ್ತ ಕುಳಿತಾಗ, ಉತ್ತರವೆಷ್ಟೆಂದು ಗದರಿಸಬೇಡಿರಿ. ಏನನ್ನು ಇಡಬಹುದು, ಏನು ಬರಬಹುದು ಎಂದು ಸಮಾಧಾನದಿಂದ ಕೇಳಿರಿ. ಅವಳು ತನ್ನ ಉತ್ತರವನ್ನು ತಾನೇ ಪರೀಕ್ಷಿಸಲು ಕಲಿತರೆ, ಪುಸ್ತಕದ ಕಡೆಯ ಪುಟವನ್ನು ತಿರುವಿ ನೋಡುವ ಅವಶ್ಯಕತೆಯಿರದು. ಅಭ್ಯಾಸಕ್ಕಾಗಿ ಒಂದನ್ನು ಬಿಟ್ಟಿರುವೆವು: ಯ = 1/√(ಕ್ಷ − 4). ಇದರಲ್ಲಿ ಛೇದದ ನಿಷೇಧವೂ ಮೂಲದ ನಿಷೇಧವೂ ಕೂಡಿವೆ. ಕ್ಷೇತ್ರದಲ್ಲಿ 4 ಸೇರುವುದೋ, ವ್ಯಾಪ್ತಿಯಲ್ಲಿ ಶೂನ್ಯವು ಸೇರುವುದೋ, ತಾಯಿಯೂ ಮಗಳೂ ಒಟ್ಟಿಗೆ ಕುಳಿತು ನಿರ್ಣಯಿಸಲಿ.