ಸುಣ್ಣದ ಧಾತುವೂ ಅರ್ಬುದ ರೋಗವೂ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಸುಣ್ಣದ ಅಂಶ ಹೇರಳ. ಈ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಸುಣ್ಣದಲ್ಲಿರುವ ಧಾತುವೇ ಕ್ಯಾಲ್ಸಿಯಂ. ಎಲುಬಿಗೆ ಅದು ಬೇಕೆಂಬುದನ್ನು ಎಲ್ಲರೂ ಬಲ್ಲರು. ಕ್ಯಾನ್ಸರ್ ಎಂಬ ಅರ್ಬುದ ರೋಗಕ್ಕೂ ಅದಕ್ಕೂ ಏನು ಸಂಬಂಧ?

ಮೊದಲು ದೊಡ್ಡ ಕರುಳನ್ನು ನೋಡೋಣ. ಜಿಡ್ಡನ್ನು ಜೀರ್ಣಿಸಲು ಒಸರುವ ಪಿತ್ತರಸದ ಆಮ್ಲಗಳಲ್ಲಿ ಒಂದು ಪಾಲು ಅಲ್ಲಿಗೆ ತಲುಪಿ ಒಳಪೊರೆಯ ಜೀವಕೋಶಗಳನ್ನು ಕೆರಳಿಸುತ್ತದೆ. ಕ್ಯಾಲ್ಸಿಯಂ ಈ ಆಮ್ಲಗಳೊಡನೆ ಕೂಡಿ, ಕರಗದ ಸಂಯುಕ್ತವಾಗಿ ಮಲದೊಡನೆ ಹೊರಬೀಳುತ್ತದೆ. 1999ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 930 ಮಂದಿ ಭಾಗವಹಿಸಿದ್ದರು. ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಸೇವಿಸಿದವರಲ್ಲಿ ಕರುಳಿನ ಗಂಟುಗಳು ಮರಳಿ ಮೂಡುವುದು ತುಸು ಕಡಮೆಯಾಯಿತು. ಆದರೆ 36,282 ಮಹಿಳೆಯರ ಮೇಲೆ ಏಳು ವರ್ಷ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾಲ್ಸಿಯಂ ಹಾಗೂ ಡಿ ಜೀವಸತ್ವದ ಮಾತ್ರೆಗಳಿಂದ ಕರುಳಿನ ಕ್ಯಾನ್ಸರ್ ತಗ್ಗಲಿಲ್ಲ. ಮಾತ್ರೆಯನ್ನೇ ರಕ್ಷಾಕವಚವೆಂದು ನಂಬುವಂತಿಲ್ಲ. ಆಹಾರದಿಂದ ಸಾಕಷ್ಟು ಪಡೆಯುವುದು ಲೇಸು.

ನೆಲದಲ್ಲಿ ಸುಣ್ಣವಿದ್ದ ಮಾತ್ರಕ್ಕೆ ಊಟದಲ್ಲಿಯೂ ಅದು ಹೇರಳವೆಂದು ತಿಳಿಯಬಾರದು. ವಯಸ್ಕರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಬೇಕು. ನೂರು ಗ್ರಾಂ ತೊಗರಿಬೇಳೆಯಲ್ಲಿ ದೊರೆಯುವುದು ಸುಮಾರು 70. ಜೋಳದಲ್ಲಿ ಇನ್ನೂ ಕಡಮೆ. ರೊಟ್ಟಿ, ಬೇಳೆಗಳ ಜೊತೆಗೆ ಮೊಸರು, ಎಳ್ಳಿನ ಹಿಂಡಿ, ಸೊಪ್ಪಿನ ಪಲ್ಯ ಇದ್ದರೆ ಈ ಕೊರತೆ ಬಹುಮಟ್ಟಿಗೆ ತುಂಬುವುದು.

ಇದೇ ಧಾತು ಎಲೆಅಡಿಕೆಯ ಸುಣ್ಣವಾಗಿ ಬಾಯಿ ಸೇರಿದಾಗ ಕಥೆಯೇ ಬೇರೆ. ಸುಣ್ಣವು ಬಾಯಿಯಲ್ಲಿ ಕ್ಷಾರವನ್ನು ಹೆಚ್ಚಿಸುತ್ತದೆ. ಆಗ ತಂಬಾಕಿನ ನಿಕೋಟಿನ್ ಬೇಗನೆ ರಕ್ತಕ್ಕೆ ಸೇರುತ್ತದೆ, ಅಡಿಕೆಯಿಂದ ಜೀವಕೋಶಗಳಿಗೆ ಹಾನಿಕರವಾದ ಪದಾರ್ಥಗಳು ಹುಟ್ಟುತ್ತವೆ. ತಂಬಾಕು ಬೆರೆಸದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ವರದಿಯಲ್ಲಿ ಸಾರಿದೆ. ಸುಣ್ಣ ಮೈಗೆ ಒಳ್ಳೆಯದೆಂಬ ನೆಪದಿಂದ ಈ ಚಟವನ್ನು ಸಮರ್ಥಿಸಲಾಗದು.

ಚಿಕಿತ್ಸೆಯ ಕಾಲದಲ್ಲಿ ಮತ್ತೊಂದು ಎಚ್ಚರ ಬೇಕು. ರೋಗವು ಎಲುಬಿಗೆ ಹರಡಿದರೆ ಅಲ್ಲಿಯ ಕ್ಯಾಲ್ಸಿಯಂ ಕರಗಿ ರಕ್ತದಲ್ಲಿ ಮಿತಿಮೀರಬಹುದು. ಅತಿಯಾದ ಬಾಯಾರಿಕೆ, ಮಲಬದ್ಧತೆ, ಮಂಕು ಇದರ ಲಕ್ಷಣಗಳು. ಲವಣದ್ರಾವಣವನ್ನು ರಕ್ತನಾಳಕ್ಕೆ ಹನಿಸಿ, ಎಲುಬು ಕರಗುವುದನ್ನು ತಡೆಯುವ ಔಷಧಿ ಕೊಟ್ಟು ವೈದ್ಯರು ಇದನ್ನು ತಗ್ಗಿಸುತ್ತಾರೆ. ಇಂಥ ರೋಗಿಗೆ ಶಕ್ತಿ ಬರಲೆಂದು ಮನೆಯವರೇ ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಅಪಾಯ ಹೆಚ್ಚೀತು. ವೈದ್ಯರನ್ನು ಕೇಳದೆ ಕೊಡಬಾರದು.

ಮಲದಲ್ಲಿ ರಕ್ತ ಅಥವಾ ಬಾಯಲ್ಲಿ ಮಾಯದ ಹುಣ್ಣು ಕಂಡವರು ಪಥ್ಯವನ್ನೇ ನೆಚ್ಚಿ ಕಾಲ ಕಳೆಯದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವು ಕಲಬುರಗಿಯಲ್ಲಿಯೇ ಇದೆ.